ಹೊಳೆ ನೀರಿನ ಪರೀಕ್ಷೆಯೂ ಮಹಿಳೆಯರಿಗೆ ವಹಿಸಲಿ

ಮಾನ್ಯ ಸಂಪಾದಕರೇ,

ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕಿಟ್ ಬಳಸಿ ಕುಡಿಯುವ ನೀರನ್ನು ಪರೀಕ್ಷಿಸುವ ತರಬೇತಿ ನೀಡುವ ವ್ಯವಸ್ಥೆಯಿದೆ. ಕೊಡಗಿನಲ್ಲಿ ಈ ಕೆಲಸವು ನಲ್ಲಿ ನೀರಿಗಷ್ಟೇ ನಿಲ್ಲದೆ, ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥಗಳನ್ನು ಸೇರುವ ತೋಡು, ಹೊಳೆಗಳಿಗೂ ವಿಸ್ತರಿಸಬೇಕೆಂದು ಜಿಲ್ಲಾ ಪಂಚಾಯಿತಿಯನ್ನು ಒತ್ತಾಯಿಸುತ್ತೇನೆ.

ಕಾರಣ ಬೆಳೆಗಾರರೆಲ್ಲರಿಗೂ ಗೊತ್ತಿರುವುದೇ. ಕಾಫಿ ಹಣ್ಣಿನ ಪಲ್ಪಿಂಗ್, ಅಂದರೆ ಸಿಪ್ಪೆ ಬಿಡಿಸಿ ಬೀಜ ತೊಳೆಯುವ ಕೆಲಸ, ಭರದಿಂದ ನಡೆಯುವ ಡಿಸೆಂಬರ್, ಜನವರಿ ಹೊತ್ತಿಗೆ ಹೊಳೆಯ ಹರಿವು ಇಳಿದಿರುತ್ತದೆ. ಹಣ್ಣಿನ ಲೋಳೆಯಿಂದ ಸಕ್ಕರೆ, ಪೆಕ್ಟಿನ್ ತುಂಬಿಕೊಂಡ ಆ ಹುಳಿ ನೀರನ್ನು ತೊಟ್ಟಿಗಳಲ್ಲಿ ಸುಣ್ಣ ಹಾಕಿ ಸಂಸ್ಕರಿಸದೆ ಹರಿಯಬಿಟ್ಟರೆ, ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಹೊಳೆಯಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಕೊಂಡು ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಸ್ನಾನಯೋಗ್ಯ ನದಿ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಆದರೆ ರಾತ್ರಿ ಬಿಟ್ಟ ನೀರು ಬೆಳಗಾಗುವುದರೊಳಗೆ ಕೆಳಗಿನ ಊರನ್ನು ದಾಟಿರುತ್ತದೆ; ನಿಗದಿತ ದಿನ ಬಂದು ನಿಗದಿತ ಸ್ಥಳದಲ್ಲಿ ಬಾಟಲಿ ತುಂಬಿಸಿಕೊಂಡು ಹೋಗುವವರಿಗೆ ಅದು ಸಿಗುವುದು ಕಷ್ಟ.

ಅದರ ಗುರುತು ಉಳಿಯುವುದು ಹೊಳೆಯಲ್ಲಿ ಬದುಕುವ ಜೀವಿಗಳಲ್ಲಿ. ಅಮೆರಿಕದ ವಿಜ್ಞಾನಿ ರೂತ್ ಪ್ಯಾಟ್ರಿಕ್ 1948ರಲ್ಲಿ ಪೆನ್ಸಿಲ್ವೇನಿಯಾದ ಕಾನೆಸ್ಟೋಗಾ ಹೊಳೆಯಲ್ಲಿ ತಮ್ಮ ತಂಡದೊಂದಿಗೆ ಪಾಚಿ, ಕೀಟ, ಮೀನುಗಳನ್ನು ಒಟ್ಟಾಗಿ ಅಧ್ಯಯನ ಮಾಡಿ, ನೀರಿನ ಸ್ಥಿತಿಯನ್ನು ಅಲ್ಲಿನ ಜೀವವೈವಿಧ್ಯದಿಂದಲೇ ಅಳೆಯಬಹುದೆಂದು ತೋರಿಸಿದರು. ಅಂತಹ ತಂಡವನ್ನು ಮಹಿಳೆಯೊಬ್ಬರು ಮುನ್ನಡೆಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ನೆರೆಯ ಕೇರಳದಲ್ಲಿ ಲತಾ ಅನಂತ ಅವರು 2017ರಲ್ಲಿ ತೀರಿಕೊಳ್ಳುವವರೆಗೂ ಚಾಲಕುಡಿ ನದಿಗಾಗಿ ದುಡಿದರು. ಹೊಳೆಯ ಕಲ್ಲು ಮಗುಚಿ, ಅದರಡಿಯಲ್ಲಿ ಶುದ್ಧ ನೀರು ಬಯಸುವ ಮೇಫ್ಲೈ, ಸ್ಟೋನ್‌ಫ್ಲೈ ಕೀಟಗಳ ಮರಿಗಳಿವೆಯೇ ಅಥವಾ ಆಮ್ಲಜನಕ ಕಡಿಮೆಯಾದರೂ ಬದುಕಬಲ್ಲ ಕೆಂಪು ಹುಳುಗಳಷ್ಟೇ ಉಳಿದಿವೆಯೇ ಎಂದು ಗುರುತಿಸಲು ಪದವಿ ಬೇಕಿಲ್ಲ, ತರಬೇತಿ ಸಾಕು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಇದಕ್ಕೆ ನೆರವಾಗಬಹುದು.

ಎರಡು ವಿಷಯಗಳನ್ನು ಮಾತ್ರ ಮೊದಲೇ ಇತ್ಯರ್ಥಪಡಿಸಬೇಕು. ಇದನ್ನು ಸೇವೆಯೆಂದು ಹೇಳಿ ಬಿಟ್ಟಿ ದುಡಿಸಬಾರದು. ಕೂಲಿ ಬಿಟ್ಟು ಬರುವವರಿಗೆ ಆ ದಿನದ ಗೌರವಧನ ಸಿಗಲೇಬೇಕು. ಅದಕ್ಕಿಂತ ಮುಖ್ಯವಾದುದು, ತೋಟದ ಲೈನ್ ಮನೆಯಲ್ಲಿ ವಾಸಿಸುವ ಮಹಿಳೆಯು ತನಗೆ ಕೆಲಸ ಕೊಟ್ಟ ತೋಟದ ತೋಡಿನ ನೀರನ್ನು ಪರೀಕ್ಷಿಸಿ ವರದಿ ಬರೆಯಬೇಕಾದ ಸಂದರ್ಭ ಇಲ್ಲಿ ಖಂಡಿತ ಬರುತ್ತದೆ. ಆದ್ದರಿಂದ ಫಲಿತಾಂಶವು ವ್ಯಕ್ತಿಯ ಹೆಸರಿನಲ್ಲಿ ಅಲ್ಲದೆ ಗ್ರಾಮ ಪಂಚಾಯಿತಿಯ ಹೆಸರಿನಲ್ಲಿಯೇ ದಾಖಲಾಗಿ ಸೂಚನಾ ಫಲಕಕ್ಕೆ ಬರಬೇಕು. ಸ್ವತಃ ಬೆಳೆಗಾರ್ತಿಯಾಗಿ, ನಮ್ಮ ತೋಟದ ತೋಡಿನಿಂದಲೇ ಮೊದಲ ಮಾದರಿ ತೆಗೆದುಕೊಳ್ಳಲು ನನ್ನ ಒಪ್ಪಿಗೆಯಿದೆ. ಈ ಸಲದ ಪಲ್ಪಿಂಗ್ ಆರಂಭವಾಗುವ ಮೊದಲೇ ತರಬೇತಿ ಮುಗಿಯುವಂತೆ ಜಿಲ್ಲಾ ಪಂಚಾಯಿತಿ ಕ್ರಮ ಕೈಗೊಳ್ಳಲಿ.

— ಕಾಫಿ ಬೆಳೆಗಾರ್ತಿ, ಸಿದ್ದಾಪುರ, ಕೊಡಗು