ಮಂಗಳೂರು–ಕಾರವಾರ ಸೈಕಲ್ ಪ್ರವಾಸ: ಹೊರಡುವ ಮುನ್ನ

ಗೆಳೆಯರೇ, ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ., ಮೂರು ದಿನ. ದೊಡ್ಡ ಘಟ್ಟವಿಲ್ಲ ನಿಜ, ಆದರೆ ಕರಾವಳಿಯ ಸೆಕೆಯನ್ನು ಹಗುರವಾಗಿ ತಗೋಬೇಡಿ. ಘಟ್ಟದ ಮೇಲಿನವರಿಗಂತೂ ಬೆಳಗ್ಗೆ ಎಂಟಕ್ಕೇ ಅಂಗಿ ಒದ್ದೆ. ಬರೀ ನೀರು ಸಾಲದು, ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ.

ಈಗಿನಿಂದ ಪ್ರತಿ ವಾರ ಶನಿವಾರ, ಭಾನುವಾರ ಬೆನ್ನುಬೆನ್ನಿಗೆ ಓಡಿಸಿ. ಎರಡನೇ ದಿನ ಸೀಟಿನ ಮೇಲೆ ಕೂರುವಾಗಿನ ನೋವು ದೇಹಕ್ಕೆ ಮೊದಲೇ ಪರಿಚಯವಾಗಬೇಕು. ಹೊರಡುವ ಮುನ್ನಿನ ಎರಡು ದಿನ ಪೂರ್ತಿ ವಿಶ್ರಾಂತಿ. ಹೊಸ ಶೂ ಬೇಡವೇ ಬೇಡ.

ಇನ್ನು ಮನಸ್ಸು. ಹಿಂದೆ ಬಿದ್ದರೆ ನಾಚಿಕೆ ಬೇಡ, ಸುಸ್ತಾದರೆ ಬಾಯಿಬಿಟ್ಟು ಹೇಳಿ. ಮುಂದಿರುವವರೇ ವೇಗ ಇಳಿಸಬೇಕು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅಲ್ಲಿ ಎಲ್ಲರೂ ಸೇರಿದ ಮೇಲೆಯೇ ಮುಂದಿನ ದಾರಿ. ಮಂಡಿನೋವು, ಬಿಪಿ ಇರುವವರು ಇವತ್ತೇ ನನಗೆ ಪ್ರತ್ಯೇಕವಾಗಿ ತಿಳಿಸಿ.