ಮಂಡಿ ಆಪರೇಷನ್ ಆದವರ ಪಾದ ಮುಟ್ಟಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಮಂಡಿ ಬದಲಾವಣೆಯ ಬಗ್ಗೆ ಬಂದ ಲೇಖನ ಓದಿದೆ. ಮರುದಿನವೇ ನಡೆಸುತ್ತಾರೆ, ಸೋಂಕಾಗದಂತೆ ಜೋಪಾನ ಮಾಡಬೇಕು ಎಂಬುದೆಲ್ಲ ಸರಿಯೇ. ಮಂಡಿಯ ಹಿಂದಿನ ರಕ್ತನಾಳದ ಬಗ್ಗೆ ಮಾತ್ರ ಒಂದಕ್ಷರವಿಲ್ಲ. ಮುಂಬಯಿಯ ಮೂಳೆ ವಾರ್ಡಿನಲ್ಲಿ ದುಡಿದು ನಿವೃತ್ತಳಾದ ನನಗೆ ಸುಮ್ಮನಿರಲು ಆಗಲಿಲ್ಲ.

ಮೊಣಕಾಲಿನ ಹಿಂದಿನ ಗುಳಿಯಲ್ಲಿ ಪಾಪ್ಲಿಟಿಯಲ್ ಎಂಬ ಅಪಧಮನಿ ಹಾದುಹೋಗುತ್ತದೆ. ಅಲ್ಲಿಂದ ಕೆಳಗಿನ ಕಾಲಿಗೆ ರಕ್ತ ಒಯ್ಯುವುದು ಮುಖ್ಯವಾಗಿ ಅದೇ. ಸರ್ಜನ್ ಮೂಳೆ ಕೊಯ್ಯುವ ಜಾಗಕ್ಕೆ ತೀರಾ ಹತ್ತಿರ. ಮೇಲೂ ಕೆಳಗೂ ಸ್ನಾಯುಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಸುಲಭವಾಗಿ ಸರಿಯುವುದೂ ಇಲ್ಲ. ನಾಳಕ್ಕೆ ಪೆಟ್ಟಾಗಲು ಗರಗಸವೇ ತಾಗಬೇಕೆಂದೇನಿಲ್ಲ. ಸಕ್ಕರೆ ಕಾಯಿಲೆಯವರ, ಬೀಡಿ-ಸಿಗರೇಟು ಸೇದಿದವರ ನಾಳದ ಗೋಡೆ ಸುಣ್ಣಗಟ್ಟಿ ಹಳೇ ಕೊಳಾಯಿಯಂತಾಗಿರುತ್ತದೆ. ರಕ್ತ ತಡೆಯಲು ತೊಡೆಗೆ ಬಿಗಿಯುವ ಟೂರ್ನಿಕೆ ಪಟ್ಟಿಯ ಒತ್ತಡಕ್ಕೋ, ಕಾಲನ್ನು ಎಳೆದು ಮಡಿಸುವಾಗಲೋ ಒಳಪದರ ಬಿರಿದು ರಕ್ತ ಹೆಪ್ಪುಗಟ್ಟಬಹುದು. ಸಾವಿರದಲ್ಲಿ ಒಬ್ಬಿಬ್ಬರಿಗೆ, ಅದಕ್ಕೂ ಕಡಿಮೆ ಮಂದಿಗೆ ಎನ್ನಿ, ಆಗುವ ತೊಂದರೆ ಇದು. ಹಾಗಾಗಿ ಆಪರೇಷನ್ನೇ ಬೇಡ ಎಂದು ನಾನು ಹೆದರಿಸುತ್ತಿಲ್ಲ. ಆದರೆ ರಕ್ತ ನಿಂತು ಆರೆಂಟು ಗಂಟೆ ದಾಟಿದರೆ ಕಾಲೇ ಹೋಗಬಹುದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು, ಒಳ್ಳೆಯದೇ. ಕಾಲಿಗೆ ರಕ್ತ ಇಳಿಯುತ್ತಿದೆಯೇ ಎಂದು ಪಾದದ ನಾಡಿ ನೋಡಲು ಒಂದು ಪೈಸೆಯೂ ಬೇಡ, ಅದಕ್ಕೇ ಯಾರೂ ಜಾಹೀರಾತು ಕೊಡುವುದಿಲ್ಲ.

ನನ್ನ ಅತ್ತಿಗೆಗೆ ಇದೇ ಆಯಿತು. ಠಾಣೆ ಕಡೆಯ ಒಂದು ಖಾಸಗಿ ಆಸ್ಪತ್ರೆ. ಆಪರೇಷನ್ ಆದ ಸಂಜೆ ನಾನು ಹೋದಾಗ ಅತ್ತಿಗೆ ನಗುತ್ತಾ ಚಹಾ ಕುಡಿಯುತ್ತಿದ್ದರು. ಬೆನ್ನಿಗೆ ಕೊಟ್ಟ ಎಪಿಡ್ಯೂರಲ್ ಅರಿವಳಿಕೆ ಇನ್ನೂ ಇಳಿದಿರಲಿಲ್ಲ, ನೋವು ಗೊತ್ತಾಗುವುದಾದರೂ ಹೇಗೆ? ಪಾದ ತಣ್ಣಗಿದೆಯೆಂದು ಅಣ್ಣ ಎ.ಸಿ.ಯನ್ನು ಬೈದುಕೊಂಡು ಚಾದರ ಹೊದಿಸಿದ್ದ. ಸರಿಸಿ ನೋಡಿದೆ. ಎಡಪಾದ ಬೆಚ್ಚಗಿತ್ತು, ನಾಡಿ ಚೆನ್ನಾಗಿ ಬಡಿಯುತ್ತಿತ್ತು. ಆಪರೇಷನ್ ಆದ ಬಲಪಾದ ಬಿಳುಚಿಕೊಂಡಿತ್ತು. ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಮರಳುತ್ತಿಲ್ಲ, ನಾಡಿಯಂತೂ ಇಲ್ಲವೇ ಇಲ್ಲ. ಡ್ಯೂಟಿ ಡಾಕ್ಟರು "ಬೆಳಿಗ್ಗೆ ಸರ್ ಬಂದು ನೋಡ್ತಾರೆ" ಅಂದರು. ಚಾರ್ಟಿನಲ್ಲಿ ಬಿಪಿ ಇದೆ, ಜ್ವರ ಇದೆ, ಮೂತ್ರದ ಲೆಕ್ಕವೂ ಇದೆ. ಪಾದದ ನಾಡಿಗೆ ಕಾಲಮೇ ಇಲ್ಲ! ನಾನು ದನಿ ಏರಿಸಿದ ಮೇಲೆ ಸರ್ಜನ್‌ಗೆ ಫೋನ್ ಹೋಯಿತು. ರಕ್ತನಾಳದ ಸರ್ಜನ್ ಅಲ್ಲಿರಲಿಲ್ಲ. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ತೆವಳುತ್ತಾ ಆಂಬುಲೆನ್ಸ್ ಬೇರೆ ಆಸ್ಪತ್ರೆ ಮುಟ್ಟಿತು. ಹೆಪ್ಪು ತೆಗೆದರು, ಊದಿದ ಮೀನಖಂಡದ ಒತ್ತಡ ಇಳಿಸಲು ಉದ್ದಕ್ಕೆ ಸೀಳಿದರು. ಕಾಲು ಉಳಿಯಿತು. ಪಾದದ ಮುಂಭಾಗ ಮಾತ್ರ ಇಂದಿಗೂ ಮೇಲೇಳುವುದಿಲ್ಲ, ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿಕೊಂಡೇ ನಡೆಯುತ್ತಾರೆ.

ನಮ್ಮ ವಾರ್ಡಿನಲ್ಲಿ ಆಪರೇಷನ್‌ಗೆ ಮುಂಚೆಯೇ ನಾಡಿ ಸಿಗುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕುತ್ತಿದ್ದೆವು: ಪಾದದ ಮೇಲೆ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನ ನೇರಕ್ಕೆ ಒಂದು, ಒಳಬದಿಯ ಕಾಲಗಂಟಿನ ಹಿಂದೆ ಇನ್ನೊಂದು. ರಾತ್ರಿ ಪಾಳಿಯವರು ತಡಕಾಡುವ ಪ್ರಮೇಯವೇ ಇರುತ್ತಿರಲಿಲ್ಲ. ನಾಡಿ ಮೊದಲೇ ಸಿಗದಿದ್ದರೆ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಿ, ರಕ್ತನಾಳದ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು. ಬ್ಯಾಂಡೇಜಿನಲ್ಲಿ ಬೆರಳುಗಳನ್ನು ಮುಚ್ಚಬಾರದು. ಮರಗಟ್ಟಿದ್ದೆಲ್ಲ ಅರಿವಳಿಕೆಯದ್ದೇ ಎಂದು ಸಮಾಧಾನ ಮಾಡಿಕೊಳ್ಳಬಾರದು. ಗಂಡಾಂತರ ಬಂದರೆ ರಕ್ತನಾಳದ ಸರ್ಜನ್ ಎಲ್ಲಿಂದ ಬರುತ್ತಾರೆ ಎಂದು ಸಹಿ ಹಾಕುವ ಮೊದಲೇ ಕೇಳಿ. ಇಂಗ್ಲಿಷ್ ಫಾರ್ಮಿನ ಕೊನೆಯ ಪುಟಕ್ಕೆ ಸಹಿ ಹಾಕಿ ಬಿಲ್ ಕೌಂಟರಿಗೆ ಓಡುವುದು ನಮ್ಮವರ ರೂಢಿ. ವಾರ್ಡಿನಲ್ಲಿ ಪ್ರಶ್ನೆ ಕೇಳಿದರೆ ಡಾಕ್ಟರಿಗೆ ಬೇಸರವಾದೀತು ಎಂಬ ಸಂಕೋಚ ಬೇರೆ.

ಮುಂಬಯಿಯ ನಮ್ಮ ಕನ್ನಡ, ತುಳು ಸಂಘಗಳು ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ ನೋಡುತ್ತವೆ, ಮಂಡಿ ಎಕ್ಸ್‌ರೇಗೆ ಚೀಟಿ ಬರೆಸುತ್ತವೆ. ಅದೇ ಸಾಲಿನಲ್ಲಿ ಚಪ್ಪಲಿ ಬಿಚ್ಚಿಸಿ ಎರಡೂ ಪಾದಗಳ ನಾಡಿ ನೋಡಿ ಚೀಟಿಯ ಮೇಲೆ ಬರೆದುಕೊಡಲಿ. ಡೊಂಬಿವಲಿ, ಕಲ್ಯಾಣದಲ್ಲಿ ಶಿಬಿರವಿದ್ದರೆ ಈ ಕೆಲಸಕ್ಕೆ ನಾನೇ ಬಂದು ಕೂರುತ್ತೇನೆ.

ನಿವೃತ್ತ ಸ್ಟಾಫ್ ನರ್ಸ್,
ಡೊಂಬಿವಲಿ ಪೂರ್ವ