ಯುದ್ಧದ ಕಥೆಗಳನ್ನು ಮಕ್ಕಳಿಂದ ಮುಚ್ಚಿಡಬೇಕೇ?

ಮಾನ್ಯರೇ,

ಯುದ್ಧ, ಹಸಿವು, ಸಾವುಗಳನ್ನು ಕುರಿತ ಪುಸ್ತಕಗಳು ಎಳೆಯ ಮನಸ್ಸಿಗೆ ಭಾರವಾದಾವು ಎಂಬ ಆತಂಕದಿಂದ ಹಲವು ಹಿರಿಯರು ಅವನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡುತ್ತಾರೆ. ಆದರೆ ಅದೇ ಮಕ್ಕಳು ಬಾಂಬ್ ದಾಳಿಗೆ ಕುಸಿದ ಮನೆಗಳನ್ನು ಮೊಬೈಲ್ ಪರದೆಯ ಮೇಲೆ ದಿನವೂ ನೋಡುತ್ತಿರುತ್ತಾರೆ. ದೃಶ್ಯ ಕ್ಷಣದಲ್ಲಿ ಸರಿದುಹೋಗುತ್ತದೆ. ಆ ಮನೆಯಲ್ಲಿ ಯಾರಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ.

ಪುಸ್ತಕ ಅದನ್ನು ಹೇಳುತ್ತದೆ. 1942ರ ಜೂನ್ 12ರಂದು, ತನ್ನ 13ನೆಯ ಹುಟ್ಟುಹಬ್ಬಕ್ಕೆ ದಿನಚರಿ ಪುಸ್ತಕವನ್ನು ಪಡೆದ ಯಹೂದಿ ಬಾಲಕಿ ಆನ್ ಫ್ರಾಂಕ್, ನಾಜಿಗಳ ಕಣ್ಣಿಗೆ ಬೀಳದಂತೆ ಕುಟುಂಬದೊಂದಿಗೆ ಕಟ್ಟಡವೊಂದರಲ್ಲಿ ಅಡಗಿ, ಕೆಳಗಿನ ಉಗ್ರಾಣದ ಕೆಲಸಗಾರರಿಗೆ ಸದ್ದು ಕೇಳಿಸದಿರಲೆಂದು ಹಗಲಿಡೀ ಪಿಸುಮಾತಿನಲ್ಲೇ ಬದುಕುತ್ತಾ, ಭಯದ ಜೊತೆಜೊತೆಗೇ ಅಮ್ಮನ ಮೇಲಿನ ಮುನಿಸನ್ನೂ ಬರಹಗಾರ್ತಿಯಾಗುವ ಆಸೆಯನ್ನೂ ಬರೆದಿಟ್ಟಳು. ಓದುವ ಮಗು ಮೊದಲು ಗುರುತಿಸುವುದು ಆ ಮುನಿಸನ್ನೇ. ಯುದ್ಧವು ಯಾರಿಂದ ಏನನ್ನು ಕಸಿದುಕೊಂಡಿತೆಂಬುದು ಆಮೇಲೆ ನಿಧಾನವಾಗಿ ಮನಸ್ಸಿಗಿಳಿಯುತ್ತದೆ.

ನಾಜಿ ಆಡಳಿತದಿಂದ ತಪ್ಪಿಸಿಕೊಂಡು ಹೋಗಿದ್ದ ಜರ್ಮನ್ ಪತ್ರಕರ್ತೆ ಯೆಲ್ಲಾ ಲೆಪ್‌ಮನ್, ಯುದ್ಧ ಮುಗಿದ ಮೇಲೆ ಹಾಳುಬಿದ್ದ ಜರ್ಮನಿಗೆ ಮರಳಿ, 1946ರಲ್ಲಿ ಮ್ಯೂನಿಕ್‌ನಲ್ಲಿ ಹಲವು ದೇಶಗಳ ಮಕ್ಕಳ ಪುಸ್ತಕಗಳ ಪ್ರದರ್ಶನ ಏರ್ಪಡಿಸಿದರು; 1949ರಲ್ಲಿ ಅಲ್ಲಿಯೇ ಅಂತರರಾಷ್ಟ್ರೀಯ ಯುವಜನ ಗ್ರಂಥಾಲಯ ತೆರೆಯಿತು. ಅನ್ನ, ಸೂರುಗಳಿಗೇ ಕೊರತೆಯಿದ್ದ ದಿನಗಳಲ್ಲಿ ಅವರು ಪುಸ್ತಕವನ್ನೂ ಮಕ್ಕಳ ಅಗತ್ಯವೆಂದೇ ಎಣಿಸಿದ್ದರು.

ಇಂಥ ಪುಸ್ತಕವನ್ನು ಕೊಟ್ಟು ಮಗುವನ್ನು ಒಂಟಿಯಾಗಿ ಬಿಡಬಾರದು, ನಿಜ. ವಯಸ್ಸು ನೋಡಿ ಆರಿಸಬೇಕು, ಜೊತೆಗೆ ಕುಳಿತು ಓದಬೇಕು, ಮಗು ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದರೆ ಪುಟ ತಿರುವದೆ ಉತ್ತರಿಸಬೇಕು. ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಇಂತಹ ಕೃತಿಗಳ ಪರಿಚಯಕ್ಕೆ ನಿಯಮಿತವಾಗಿ ಸ್ಥಳ ಕೊಡಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಶಿಕ್ಷಕಿ